ಹದಿನಾಲ್ಕು ಗಿಡಗಳ ಗುರುತು

ದುಬಲಗುಂಡಿಯ ಮೀರಾಬಾಯಿಗೆ ಸಾಲಿನಲ್ಲಿ ಖಾಲಿ ಜಾಗ ಕಂಡರೆ ಆಗದು. ಬಸವಕಲ್ಯಾಣದ ಕಡೆ ನಾರಾಯಣಪುರದ ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಇಲ್ಲಿಗೆ ಸೊಸೆಯಾಗಿ ಬಂದವಳು. ಇಪ್ಪತ್ತು ವರ್ಷದಿಂದ ಕಂಡವರ ಹೊಲದಲ್ಲಿ ಕೂಲಿ. ಸೂರ್ಯಕಾಂತಿ ಎಲ್ಲಾದರೂ ಮೊಳೆಯದಿದ್ದರೆ ಪಕ್ಕದ ಸಾಲಿನಿಂದ ಸಸಿ ಕಿತ್ತು ತಂದು ನೆಟ್ಟೇ ಬಿಡುತ್ತಾಳೆ. ಹುಮನಾಬಾದಿನ ಹತ್ತಿರದ ನಮ್ಮ ಪ್ರಯೋಗದ ಹೊಲದಲ್ಲೂ ಹಾಗೇ ಮಾಡಿದ್ದಳು, ನನಗೆ ತಿಳಿಸದೆ.

ನನ್ನ ಕೆಲಸ ಹೊಸ ತಳಿ ರೂಪಿಸುವುದು. ಪರಾಗವೇ ಇಲ್ಲದ ಹೆಣ್ಣು ತಳಿಗೆ ತಕ್ಕ ಗಂಡು ತಳಿ ಸೇರಿದರೆ ಮಾತ್ರ ಮುಂದಿನ ಪೀಳಿಗೆಯಲ್ಲಿ ಪರಾಗ ಮರಳಿ, ರೈತನ ಹೊಲದಲ್ಲಿ ಕಾಳು ಕಟ್ಟುತ್ತದೆ. ಆ ಗುಣದ ಜೀನ್ ಇದೆಯೋ ಇಲ್ಲವೋ ಎಂದು ಎಳೆ ಎಲೆಯ ಪರೀಕ್ಷೆಯಲ್ಲೇ ತಿಳಿಯುತ್ತದೆ. ಮೂರು ವರ್ಷ ಹೀಗೆ ಆರಿಸಿ ಗಂಡು ಗಿಡ ಬೆಳೆಸಿದ್ದೆ. ನಾಳೆ ಅವುಗಳ ಪರಾಗ ಕೂಡಿಸಿ ಹೆಣ್ಣು ಹೂಗಳಿಗೆ ಸವರಬೇಕು ಎನ್ನುವಾಗ ಮೀರಾಬಾಯಿ ಹೆಮ್ಮೆಯಿಂದ ಸಾಲು ತೋರಿಸಿ, ಒಂದು ಜಾಗವನ್ನೂ ಖಾಲಿ ಬಿಟ್ಟಿಲ್ಲ ಎಂದಳು.

ಪಕ್ಕದ ಸಾಲಿನ ಪರಾಗ ಬೆರೆತರೆ ಮೂರು ವರ್ಷದ ದುಡಿಮೆ ಹಾಳು. ಪಕ್ಕದ್ದು ಬೇರೆ ತಳಿ, ಆ ಜೀನ್ ಅದರಲ್ಲೂ ಇದೆ. ಗಿಡ ಯಾವ ಸಾಲಿನಿಂದ ಬಂತೆಂದು ನಮ್ಮ ಪರೀಕ್ಷೆ ಹೇಳುವುದಿಲ್ಲ. ಬಾಯಿಗೆ ಬಂದಂತೆ ಬೈದೆ. ನಾಳೆಯಿಂದ ಬರಬೇಡಿ ಎಂದೂ ಹೇಳಿದೆ.

ಆಕೆ ಜಗಳಕ್ಕೆ ನಿಲ್ಲಲಿಲ್ಲ. ಬುತ್ತಿ ಕಟ್ಟಿ ತಂದಿದ್ದ ಹಳೆ ಸೀರೆಯ ತುಂಡನ್ನು ಹರಿದು, ಸಾಲುದ್ದಕ್ಕೂ ನಡೆದು ಹದಿಮೂರು ಗಿಡಗಳಿಗೆ ಕಟ್ಟಿದಳು. ಹದಿನಾಲ್ಕನೆಯದರ ಮುಂದೆ ಬಹಳ ಹೊತ್ತು ನಿಂತಳು. ಹೊಲದಲ್ಲೇ ಚೆಂದದ ಗಿಡ ಅದು. ಅದೊಂದನ್ನು ಬಿಡಿ ಎಂದೆ.

"ನನ್ನ ಕೈಲೆ ಹಚ್ಚಿದ್ದು ನನಗ ಗೊತ್ತಾಗಂಗಿಲ್ಲೇನ್ರಿ?" ಎಂದು ಅದಕ್ಕೂ ಕಟ್ಟಿ, ಬುತ್ತಿ ಎತ್ತಿಕೊಂಡು ಹೋದಳು.

ಅರೆಮನಸ್ಸಿನಿಂದಲೇ ಆ ಹದಿನಾಲ್ಕನ್ನೂ ಬಿಟ್ಟು ಉಳಿದವುಗಳ ಪರಾಗ ತೆಗೆದೆ.

ನಿಜ ಗೊತ್ತಾಗಿದ್ದು ಕೊಯ್ಲಿನಲ್ಲಿ. ಗಂಡು ತಳಿಯ ಗಿಡಗಳೂ ಕಾಳು ಕಟ್ಟುತ್ತವೆ; ನಮ್ಮದರ ಕಾಳು ಅಚ್ಚ ಕಪ್ಪು, ಪಕ್ಕದ್ದಕ್ಕೆ ಬಿಳಿ ಗೆರೆ. ಸೀರೆ ಚೂರು ಕಟ್ಟಿದ ಹದಿನಾಲ್ಕರಲ್ಲೂ ಗೆರೆ ಇತ್ತು, ಉಳಿದ ಯಾವುದರಲ್ಲೂ ಇರಲಿಲ್ಲ. ಮೂರು ವರ್ಷದ ದುಡಿಮೆ ಉಳಿದಿತ್ತು. ಹೊಲದಲ್ಲೇ ಕುಳಿತು ಅತ್ತುಬಿಟ್ಟೆ.

ಸಂಜೆ ಬಸ್ಸು ಹಿಡಿದು ದುಬಲಗುಂಡಿಗೆ ಹೋದೆ. ಆಕೆ ಕುರಿಗಳಿಗೆ ನೀರಿಡುತ್ತಿದ್ದಳು. ತಪ್ಪಾಯಿತು, ನಿಮ್ಮ ಉಪಕಾರ ಜೀವ ಇರುವ ತನಕ ಮರೆಯುವುದಿಲ್ಲ ಎಂದೆ. ಎಲ್ಲ ಕೇಳಿಸಿಕೊಂಡು, ಚಹಾ ಕೊಟ್ಟು, ಮೆಲ್ಲಗೆ ಕೇಳಿದಳು: "ಹಂಗಾದ್ರ ನಾಳಿಂದ ಕೆಲಸಕ್ಕ ಬರ್ಲೇನ್ರಿ?"

ಅಷ್ಟು ದಿನ ಆಕೆಯನ್ನು ಮತ್ತೆ ಕೆಲಸಕ್ಕೆ ಕರೆಯುವುದನ್ನೇ ನಾನು ಮರೆತಿದ್ದೆ.

ಈ ವರ್ಷ ಪರೀಕ್ಷೆಗೆ ಎಲೆ ಕೀಳುವ ಮೊದಲು, ಬೇರೆ ತಳಿ ಸೇರಿದ್ದರೆ ಗುರುತಿಸಲೆಂದು, ಸಾಲುದ್ದಕ್ಕೂ ಆಕೆಯನ್ನೇ ಮುಂದೆ ನಡೆಸಿದೆ. ಖಾಲಿ ಜಾಗ ಬಂದಾಗಲೆಲ್ಲ ಪಾಪ, ಮುಖ ಆಚೆ ತಿರುಗಿಸಿಕೊಂಡು ದಾಟುತ್ತಿದ್ದಳು.