ತಮ್ಮನ ಕೋಲಿನ ಎರಡು ಸ್ಕ್ರೂ

ಮೂರು ವರ್ಷದ ಹಿಂದಿನ ಆಯುಧಪೂಜೆ, ನಮ್ಮ ಕಡೆಯ ಖಂಡೇಪೂಜೆ. ಬೆಟಗೇರಿಯಲ್ಲಿ ಕಬ್ಬಿಣ ಕಡೆಯುವ ನನ್ನದೊಂದು ಸಣ್ಣ ಲೇತ್ ಅಂಗಡಿ. ಆರನೇ ಇಯತ್ತೆಗೇ ಶಾಲೆ ಬಿಟ್ಟು ಈ ಕೆಲಸ ಹಿಡಿದವನು ನಾನು. ಪೂಜೆಯ ಹಿಂದಿನ ದಿನ ಎಲ್ಲ ಸಾಮಾನು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚುವುದು ನಮ್ಮ ರೂಢಿ.

ತಮ್ಮ ಬಸು ಬೆಳಗಾವಿ ಕಡೆ ಒಂದು ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುತ್ತಾನೆ. ಹೊರುತ್ತಲೇ ಆಟ ಕಲಿತವನು. ಹಬ್ಬದ ಮರುದಿನವೇ ಅವನಿಗೊಂದು ಪರೀಕ್ಷೆ ಇತ್ತು. ಪಾಸಾದರೆ ಮಕ್ಕಳಿಗೆ ಆಟ ಕಲಿಸುವ ಕೆಲಸ, ಚೀಲ ಹೊರುವುದು ತಪ್ಪುತ್ತಿತ್ತು. ಹಬ್ಬಕ್ಕೆ ಬಂದವನು, ಅಲ್ಲಿಯ ಕೋಚ್ ಕೊಟ್ಟ ಡ್ರೈವರನ್ನು, ಅಂದರೆ ಚೆಂಡನ್ನು ದೂರ ಹೊಡೆಯುವ ದಪ್ಪ ತಲೆಯ ಕೋಲನ್ನು, "ಅಣ್ಣಾ, ಇದನ್ನೂ ಪೂಜಿಗೆ ಇಡು" ಎಂದು ಕೊಟ್ಟು ಪೇಟೆಗೆ ಹೋದ.

ಒರೆಸುವಾಗ ಆ ತಲೆಯ ತಳದಲ್ಲಿ ಎರಡು ದಪ್ಪ ಸ್ಕ್ರೂ ಕಂಡವು. ಪಾನಾ ಹಾಕಿ ತಿರುವಿ ಬಿಚ್ಚಿದೆ. ಹಿಡಿಕೆಯ ಕಡೆಯದು ಭಾರ, ತುದಿಯ ಕಡೆಯದು ಹಗುರ. ಲೇತಿನವನಿಗೆ ಗೊತ್ತಿರುವುದು ಒಂದೇ: ತಿರುಗುವ ವಸ್ತುವಿನ ಎರಡೂ ಬದಿ ಸಮ ಇರಬೇಕು, ಇಲ್ಲದಿದ್ದರೆ ನಡುಗುತ್ತದೆ. ಯಾರೋ ತಪ್ಪು ಸ್ಕ್ರೂ ಹಾಕಿದ್ದಾರೆಂದು ತಿಳಿದು, ಹಗುರದ್ದರ ತೂಕಕ್ಕೆ ಸರಿಯಾಗಿ ಇನ್ನೊಂದು ಕಡೆದು ಕೂಡಿಸಿದೆ. ಭಾರದ್ದು ಡ್ರಾವರಿಗೆ ಹೋಯಿತು. ಗಡಿಬಿಡಿಯಲ್ಲಿ ಬಸುಗೆ ಹೇಳಲಿಲ್ಲ.

ಪರೀಕ್ಷೆಯಲ್ಲಿ ಹತ್ತರಲ್ಲಿ ಏಳು ಚೆಂಡು ಬಲಕ್ಕೆ ಹೊರಳಿ ಗಿಡಗಳೊಳಗೆ ಬಿದ್ದವು. ಕೆಲಸ ಬೇರೆಯವನಿಗೆ ಸಿಕ್ಕಿತು.

ದೀಪಾವಳಿಗೆ ಬಂದಾಗ ಬಸು ಬಿಂಕದಕಟ್ಟಿ ಹತ್ತಿರದ ಖಾಲಿ ಹೊಲದಲ್ಲಿ ಹೊಡೆದು ತೋರಿಸಿದ. ಚೆಂಡು ಮತ್ತೆ ಬಲಕ್ಕೇ ಹೋಯಿತು.

"ನಂದು ಮೊದಲಿಂದ ಬಲಕ್ಕ ಹೊಳ್ಳೂ ಹೊಡ್ತ. ಅದಕ್ಕ ಕೋಚ್ ಸಾಹೇಬ್ರು ಹಿಡಿಕಿ ಕಡೆ ಭಾರ ಹಾಕಿದ್ರು. ಅಲ್ಲಿ ಭಾರ ಇದ್ರ ಹೊಡಿಯೂ ಹೊತ್ತಿಗೆ ಕೋಲಿನ ಮಾರಿ ಜಲ್ದಿ ಎಡಕ್ಕ ಹೊಳ್ಳತೈತಿ, ಚೆಂಡು ನೆಟ್ಟಗ ಹೋಗತೈತಿ. ಈಗ ಅದೂ ಆಗವಲ್ದು. ನನ್ನ ಕೈನ ಕೆಟ್ಟಾವ, ಅಣ್ಣಾ."

ಡ್ರಾವರಿನಲ್ಲಿದ್ದ ಭಾರದ ಸ್ಕ್ರೂ ನೆನಪಾಯಿತು. ಆಗಲೇ ಹೇಳಬಹುದಿತ್ತು. "ಯಾರದರ ದೃಷ್ಟಿ ಆಗಿರಬೇಕು, ಬಿಡು" ಎಂದೆ.

ಒಂದು ವರ್ಷ ಅವನು ಹಿಡಿತ ಬದಲಿಸಿ ಬದಲಿಸಿ ಅಭ್ಯಾಸ ಮಾಡಿದ. ಊರಿಗೆ ಬಂದಾಗಲೆಲ್ಲ ಅವನ ಅಂಗೈ ಬೊಬ್ಬೆಗೆ ಅವ್ವ ಅರಿಶಿಣ ಹಚ್ಚುತ್ತಿದ್ದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಮುಂದಿನ ಖಂಡೇಪೂಜೆಗೆ ಡ್ರಾವರ್ ಸ್ವಚ್ಛ ಮಾಡುವಾಗ ಆ ಸ್ಕ್ರೂ ಕೈಗೆ ಬಂತು. ಅದನ್ನು ಅವನ ಮುಂದಿಟ್ಟು ಎಲ್ಲ ಹೇಳಿದೆ.

ಅವನು ಅದನ್ನು ಅಂಗೈಯಲ್ಲಿ ತೂಗಿ ನೋಡಿದ. "ಮಾಡಿದ್ದು ಹೋಗಲಿ. ಹೊಲದಾಗ ಯಾಕ ಹೇಳಲಿಲ್ಲ?"

"ನಿನ್ನ ಮಾರಿ ನೋಡಿ ಧೈರ್ಯ ಆಗಲಿಲ್ಲೋ."

ಹೊಲಕ್ಕೆ ಹೋಗಿ ಭಾರದ್ದನ್ನು ಹಾಕಿ ಹೊಡೆದ. ಹಿಡಿತ ಬದಲಾಗಿದ್ದರಿಂದ ಈಗ ಚೆಂಡು ಎಡಕ್ಕೆ ಓಡಿತು. ಅದನ್ನು ತೆಗೆದು, ನಾನು ಕಡೆದದ್ದನ್ನೇ ಮತ್ತೆ ಕೂಡಿಸಿದ. "ಇರಲಿ. ಕೈ ಇದಕ್ಕ ರೂಢಿ ಆಗ್ಯಾವು."

ಆ ಕೆಲಸ ಮತ್ತೆ ಖಾಲಿ ಆಗಿಲ್ಲ. ಬಸು ಇಂದಿಗೂ ಚೀಲ ಹೊರುತ್ತಾನೆ. ತಿಳಿಯದೆ ಮಾಡಿದ ತಪ್ಪಿಗಿಂತ, ತಿಳಿದ ಮೇಲೆ ಸುಮ್ಮನಿದ್ದ ಆ ಒಂದು ವರ್ಷವೇ ನನ್ನನ್ನು ಚುಚ್ಚುತ್ತದೆ.

ಈ ಸಲದ ಹಬ್ಬಕ್ಕೂ ಕೋಲು ತಂದುಕೊಟ್ಟ. "ಅಣ್ಣಾ, ಕುಂಕುಮ ಅಷ್ಟ ಹಚ್ಚು. ಪಾನಾ ಮುಟ್ಟಬ್ಯಾಡ" ಎಂದ. ಅವ್ವ ನಕ್ಕಳು, ಅವನೂ ನಕ್ಕ. ನಾನು ಕುಂಕುಮ ಹಚ್ಚಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ.