ಕಣ್ಣೆದುರು ಕರೆದ ಹಾಲು

ಅಮೃತಹಳ್ಳಿಗೆ ಸೊಸೆಯಾಗಿ ಬಂದ ಸುಮಾಳಿಗೆ ಗಂಡನ ಜೊತೆ ಒಂದು ನಾಟಿ ಹಸುವೂ ಗಂಟುಬಿತ್ತು. ಅತ್ತೆ ನಾರಾಯಣಮ್ಮ ಇಪ್ಪತ್ತು ವರ್ಷ ಹಸು ಹೊಡೆದುಕೊಂಡು ಹೋಗಿ ಜನರ ಬಾಗಿಲಲ್ಲೇ ಹಾಲು ಕರೆದು ಕೊಟ್ಟವರು. ಅವರ ಮಂಡಿ ಕೈಕೊಟ್ಟ ಮೇಲೆ ಆ ಕೆಲಸ ಸೊಸೆಗೆ ಬಂತು. ಗಂಡ ನರೇಂದ್ರ ಬೆಳಿಗ್ಗೆ ಐದಕ್ಕೇ ಕ್ಯಾಬ್ ತೆಗೆದುಕೊಂಡು ಏರ್‌ಪೋರ್ಟಿಗೆ ಹೋಗಿಬಿಡುತ್ತಾನೆ, ಮಗು ಎತ್ತಿಕೊಂಡು ಓಡಾಡಲು ಅತ್ತೆಗೆ ಆಗದು. ಹಾಗಾಗಿ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕ್ಯಾನು, ಹೆಗಲಿಗೆ ಕಟ್ಟಿದ ಸೀರೆತುಂಡಿನಲ್ಲಿ ಐದು ತಿಂಗಳ ಮಗಳು, ಹಿಂದೆ ಕರು. ಇಷ್ಟು ಪರಿವಾರದೊಂದಿಗೆ ಸುಮಾ ಆರೂವರೆಗೆ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಹಾಜರಾಗುತ್ತಿದ್ದಳು.

ಅಲ್ಲಿನವರಿಗೆ ಹಾಲಿನ ಮೇಲೆ ಭಕ್ತಿ, ಹಾಲಿನವಳ ಮೇಲೆ ಅನುಮಾನ. ವಾಚ್‌ಮನ್ ಕೊಡುವ ಬಕೆಟ್ಟಿನ ನೀರಿನಲ್ಲಿ ಕೆಚ್ಚಲು ತೊಳೆದು, ಕರೆಯುವ ಮೊದಲು ಕ್ಯಾನನ್ನು ಬೋರಲು ಹಾಕಿ, ಒಳಗೆ ಒಂದು ತೊಟ್ಟೂ ನೀರಿಲ್ಲವೆಂದು ತೋರಿಸಬೇಕು. ಪಾತ್ರೆ ಹಿಡಿದು ಸುತ್ತ ನಿಂತವರ ಕಣ್ಣು ಕೆಚ್ಚಲಿನಿಂದ ಅತ್ತಿತ್ತ ಸರಿಯುವುದಿಲ್ಲ. ಎಲ್ಲರಿಗಿಂತ ಮುಂದೆ, ಕ್ಯಾನಿನಿಂದ ಒಂದು ಮೊಳ ದೂರದಲ್ಲಿ, ನಿವಾಸಿಗಳ ಸಂಘದ ಕಾರ್ಯದರ್ಶಿ ವಿಶ್ವನಾಥ್. ನಿವೃತ್ತರಾದ ಮೇಲೆ ತಪಾಸಣೆ ಮಾಡಲು ಅವರಿಗೆ ಉಳಿದಿರುವುದು ಇದೊಂದೇ ಕ್ಯಾನು.

ಕರು ಕೆಚ್ಚಲಿಗೆ ಬಾಯಿ ಹಾಕಿದರೆ ಅಜ್ಜಿಯರು ಮೊಮ್ಮಕ್ಕಳನ್ನು ಎತ್ತಿ ತೋರಿಸುತ್ತಾರೆ. "ನೋಡು ಪುಟ್ಟಾ, ಅಮ್ಮನ ಹತ್ರ ಎಷ್ಟ್ ಚೆನ್ನಾಗ್ ಕುಡೀತಿದೆ!" ಮೊಬೈಲುಗಳು ಮೇಲೇಳುತ್ತವೆ. ಎರಡು ಗುಟುಕಿಗೇ ಕರುವನ್ನು ಎಳೆದು ಕಂಬಕ್ಕೆ ಕಟ್ಟುವುದು ಮಾತ್ರ ಯಾವ ವಿಡಿಯೋದಲ್ಲೂ ಬರುವುದಿಲ್ಲ.

ಎಲ್ಲರ ಪಾತ್ರೆ ತುಂಬಿದ ಮೇಲೆ ಸುಮಾಳ ಮಗಳ ಸರದಿ. ಅಷ್ಟು ಹೊತ್ತಿಗೆ ಮಗು ಅತ್ತೂ ಅತ್ತೂ ಕೆಂಪಾಗಿರುತ್ತಿತ್ತು. ಸುಮಾಳ ಎದೆ ಬಿಗಿದು, ನೈಟಿ ಒದ್ದೆಯಾಗಿರುತ್ತಿತ್ತು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು, ಹೆಗಲ ಮೇಲಿನ ಟವೆಲ್ಲನ್ನು ಮರೆಮಾಡಿಕೊಂಡು ಮಗುವಿಗೆ ಕುಡಿಸಿ, ಆಮೇಲೆ ಮನೆಯ ದಾರಿ ಹಿಡಿಯುತ್ತಿದ್ದಳು.

ಒಂದು ಸೋಮವಾರ ವಿಶ್ವನಾಥ್ ತುಂಬಿದ ಪಾತ್ರೆ ಹಿಡಿದುಕೊಂಡೇ, ಆಕಾಶ ನೋಡುತ್ತ ಮಾತು ತೆಗೆದರು.

"ನೋಡಮ್ಮ, ತಪ್ಪು ತಿಳ್ಕೋಬೇಡ. ವಾಟ್ಸಾಪ್ ಗ್ರೂಪಲ್ಲಿ ಕಂಪ್ಲೇಂಟ್ ಬಂದಿದೆ. ಇದು ಫ್ಯಾಮಿಲಿಗಳಿರೋ ಜಾಗ."

"ನಂದೂ ಫ್ಯಾಮಿಲೀನೇ ಅಲ್ವಾ ಸಾರ್?"

"ಕುಡಿಸ್ಬೇಡ ಅಂದ್ನಾ ನಾನು? ಮರೇಲಿ ಕುಡಿಸು. ಇಲ್ಲಾಂದ್ರೆ ಗೇಟ್ ಹತ್ರ ಹಸು ನಿಲ್ಸೋಕಾಗಲ್ಲ."

"ಇಲ್ಲಿ ಮರೆ ಎಲ್ಲಿದೆ ಸಾರ್? ಒಳಗಡೆ ಕೂತ್ಕೊಳ್ಲಾ?"

"ಒಳಗೆ ರೆಸಿಡೆಂಟ್ಸ್‌ಗೆ ಮಾತ್ರ."

ಸುಮಾಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಗೇಟು ತಪ್ಪಿದರೆ ಹಾಲನ್ನು ಡೇರಿಗೆ ಹಾಕಬೇಕು, ಆ ದುಡ್ಡಿನಲ್ಲಿ ಹಸುವಿನ ಬೂಸವೂ ಗಿಟ್ಟುವುದಿಲ್ಲ. ಮೂರು ದಿನ ಹಸಿದ ಮಗುವನ್ನು ಹಾಗೆಯೇ ಮನೆಯವರೆಗೆ ಹೊತ್ತು ನಡೆದಳು. ಮೂರನೆಯ ದಿನ ಮಗು ಅರ್ಧ ದಾರಿಯಲ್ಲಿ ಅಳುವುದನ್ನೇ ನಿಲ್ಲಿಸಿ ಜೋಲುಬಿತ್ತು. ಸುಮಾ ಹೆದರಿ ಓಡುತ್ತ ಬಂದು ಮಗುವಿಗೆ ಕುಡಿಸಿ, ಅತ್ತೆಯ ಮುಂದೆ ತಾನೂ ಅತ್ತಳು.

"ಆ ಬಿಲ್ಡಿಂಗ್ ಏಳಕ್ ಮುಂಚೆ ಅದೇ ಜಾಗದಾಗೆ ರಾಗಿ ಹೊಲದ ಬದಿನ ಮ್ಯಾಲೆ ಕೂತು ನರೇಂದ್ರಂಗೆ ಕುಡ್ಸಿವ್ನಿ. ಯಾರೂ ತಿರುಗಿ ನೋಡ್ತಿರ್ಲಿಲ್ಲ," ಎಂದರು ನಾರಾಯಣಮ್ಮ. "ಇಂಗೆ ಅಳ್ತಾ ಕೂತ್ರೆ ಮಗೀನ ಒಟ್ಟೆ ತುಂಬ್ತದಾ?"

ಮರುದಿನ ಸುಮಾ ಗೇಟಿನ ಕಂಬಿಯಿಂದ ಲೈಟ್ ಕಂಬಕ್ಕೆ ಅತ್ತೆಯ ಹಳೇ ಸೀರೆ ಎಳೆದು ಕಟ್ಟಿದಳು. ಹಸು, ಕರು, ಕ್ಯಾನು ಎಲ್ಲ ಸೀರೆಯ ಆಚೆ. ಪಾತ್ರೆ ಹಿಡಿದವರು ಈಚೆ.

"ಇದೇನಮ್ಮ, ಏನೂ ಕಾಣಲ್ವಲ್ಲ!" ಎಂದರು ವಿಶ್ವನಾಥ್.

"ಹಸೂನೂ ಬಾಣಂತಿ ಸಾರ್. ಫ್ಯಾಮಿಲಿಗಳಿರೋ ಜಾಗ, ಮರೇಲೇ ಆಗ್ಲಿ ಅಂತ."

"ಮರೇಲಿ ಕರೆದ್ರೆ ನೀರು ಹಾಕಲ್ಲ ಅಂತ ಏನ್ ಗ್ಯಾರಂಟಿ? ಮೊದ್ಲು ಸೀರೆ ತೆಗಿ!"

"ಹೌದು, ತೆಗಿ ತೆಗಿ," ಎಂದು ಹಿಂದಿನಿಂದ ಹತ್ತು ದನಿಗಳು ಸೇರಿಕೊಂಡವು. ಗ್ರೂಪಿನಲ್ಲಿ ವಾರವಿಡೀ ಮಾನಮರ್ಯಾದೆಯ ಪಾಠ ಹೇಳಿದ್ದವರೂ ಅದರಲ್ಲಿದ್ದರು.

ಸುಮಾ ಒಂದೇ ಎಳೆತಕ್ಕೆ ಸೀರೆ ಕಿತ್ತಳು. ಕಟ್ಟೆಯ ಮೇಲೆ ಕೂತು ಮಗಳನ್ನು ತೊಡೆಗೆಳೆದುಕೊಂಡಳು.

"ಮೊದ್ಲು ಇವಳು. ಆಮೇಲೆ ಕರು. ಆಮೇಲೆ ನೀವು. ಬೇಡಾಂದ್ರೆ ಈಗ್ಲೇ ಹೇಳಿ, ಹಸು ಹೊಡ್ಕೊಂಡು ಹೋಗ್ತೀನಿ."

ಯಾರೂ ಬೇಡವೆನ್ನಲಿಲ್ಲ. ಮನೆಮನೆಯಲ್ಲೂ ಡಿಕಾಕ್ಷನ್ ಇಳಿದು ಕಾಯುತ್ತಿತ್ತು. ಮಗು ಆತುರಾತುರವಾಗಿ ಕುಡಿಯತೊಡಗಿತು.

ವಿಶ್ವನಾಥ್ ಗಂಟಲು ಸರಿಮಾಡಿಕೊಂಡರು. "ಅಲ್ಲಮ್ಮಾ, ಇಷ್ಟು ಜನರ ಎದುರಿಗೆ..."

"ನಾಚಿಕೆ ಆದ್ರೆ ಆ ಕಡೆ ತಿರುಗಿ ನಿಂತ್ಕೊಳ್ಳಿ ಸಾರ್."

ವಿಶ್ವನಾಥ್ ಅರ್ಧ ತಿರುಗಿದರು. ಅಷ್ಟರಲ್ಲಿ ಅವಳ ಕಾಲ ಬಳಿಯ ಖಾಲಿ ಕ್ಯಾನು ಕಣ್ಣಿಗೆ ಬಿತ್ತು. ಅದರ ಪಕ್ಕದಲ್ಲೇ ಕೆಚ್ಚಲು ತೊಳೆಯುವ ನೀರಿನ ಬಕೆಟ್ಟು. ಮಗು ಕುಡಿದು ಮುಗಿಸುವವರೆಗೂ ಅವರು ಅವಳ ಎದುರಿಗೇ, ಕ್ಯಾನಿನ ಮೇಲಿಟ್ಟ ಕಣ್ಣು ಕೀಳದೆ ನಿಂತಿದ್ದರು.