ಮಾವನವರು ಉಜ್ಜಿದ ಹಿಡಿ

ನನ್ನಲ್ಲಿ ರಿವಾಲ್ವರಿನ ಹಳೆಯ ಮರದ ಹಿಡಿಗಳು ಹನ್ನೊಂದು ಜೊತೆ ಇವೆ. ರಿವಾಲ್ವರ್ ಒಂದೂ ಇಲ್ಲ. ಇದನ್ನು ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿ ಸುಮಂಗಲೆಯ ಮುಖ ನೋಡಿ ಮರುಗುತ್ತಾರೆ. ನಾನು ಇವನ್ನು ಕೂಡಿಡತೊಡಗಿದಾಗ, ಕಡಲಾಚೆಯ ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿಗೆ ಊಟಕ್ಕೆ ಬಂದವರೆಲ್ಲ, ಯಾವ ಡಾಟ್‌ಕಾಮು ಯಾವಾಗ ಷೇರು ಬಿಡುತ್ತದೆ ಎಂಬುದನ್ನೇ ಸಾರಿನ ಜೊತೆ ಕಲಸಿ ಉಣ್ಣುತ್ತಿದ್ದ ಕಾಲ ಅದು. ಏನು ಮಾರುತ್ತದೆಂದೇ ಗೊತ್ತಿಲ್ಲದ ಕಂಪನಿಯ ಕಾಗದ ಕೂಡಿಡುವವರು ಜಾಣರು, ಕೈಗೆ ಸಿಗುವ ಮರ ಕೂಡಿಡುವ ನಾನು ಪೆದ್ದ! ಈ ಅನ್ಯಾಯವನ್ನೂ ಸಹಿಸಿಕೊಂಡಿದ್ದೆ.

ಹಿಡಿ ಎಂದರೆ ಉಕ್ಕಿನ ಚೌಕಟ್ಟಿನ ಎರಡೂ ಬದಿಗೆ ಸ್ಕ್ರೂ ಹಾಕಿ ಕೂರಿಸುವ ಎರಡು ಮರದ ಹೋಳುಗಳು. ಕೈ ಜಾರದಿರಲೆಂದು ಹಲವಕ್ಕೆ ಚೌಕುಳಿ ಗೀರು ಕೊರೆದಿರುತ್ತಾರೆ. ನನಗೆ ಬೇಕಾದವು ಗೀರಿಲ್ಲದ ನುಣುಪಿನವು. ಅವುಗಳ ಮೇಲೆ ಅಂಗೈ ಎಲ್ಲಿ ಕೂತಿತ್ತು, ಹೆಬ್ಬೆರಳು ಎಲ್ಲಿ ಒರಗಿತ್ತು ಎಂಬುದು ಕಾಣುತ್ತದೆ. ನಮ್ಮ ಕಡೆಗೋಲನ್ನೋ ಬೀಸುವ ಕಲ್ಲಿನ ಗೂಟವನ್ನೋ ಮುಟ್ಟಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಡಗಿ ಅರ್ಧ ಮಾಡಿ ಬಿಟ್ಟದ್ದನ್ನು ಹಿಡಿದವರು ಪೂರ್ತಿ ಮಾಡಿರುತ್ತಾರೆ.

ನನ್ನ ಸಂಗ್ರಹದ ಮುಕುಟಮಣಿ ವಾಲ್ಟರ್ ಕೊಟ್ಟ ಜೊತೆ. ಲಾಸ್ ಗ್ಯಾಟೋಸಿನ ಗುಡ್ಡದಂಚಿನಲ್ಲಿರುವ ಈ ಮುದುಕ, ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಕಾವಲುಗಾರನಾಗಿದ್ದ. ಒಮ್ಮೆಯೂ ಗುಂಡು ಹಾರಿಸಲಿಲ್ಲವಂತೆ; ಸುಮ್ಮನೆ ಸೊಂಟದ ಹಿಡಿಯ ಮೇಲೆ ಕೈಯಿಟ್ಟು ನಡೆದಾಡಿದ್ದು. ಕೈ ನಡುಗತೊಡಗಿದ ಮೇಲೆ ರಿವಾಲ್ವರನ್ನು ಪೊಲೀಸರಿಗೆ ಒಪ್ಪಿಸಿ, ಅಕ್ರೋಟು ಮರದ ಹಿಡಿಯನ್ನು ಮಾತ್ರ ಬಿಚ್ಚಿಟ್ಟುಕೊಂಡಿದ್ದ. "ಎಷ್ಟು ಜನರನ್ನು ಕೊಂದೆ ಅಂತ ಕೇಳದವನು ನೀನೊಬ್ಬನೇ," ಎಂದು ಅದನ್ನು ನನಗೆ ಕೊಟ್ಟ. ಬಲಹೋಳಿನ ಮೇಲೆ ಅವನ ಅಂಗೈಯ ಕಪ್ಪು ನೆರಳು ಹಾಗೇ ಕೂತಿತ್ತು.

ಆ ಬೇಸಗೆಯಲ್ಲಿ ಗದಗಿನಿಂದ ಮಾವನವರು ಬಂದರು. ಮರಗೆಲಸ ಕಲಿಸುತ್ತಿದ್ದ ನಿವೃತ್ತ ಮಾಸ್ತರರು. ನಾವಿಬ್ಬರೂ ಆಫೀಸಿಗೆ ಹೋದರೆ ಅವರಿಗೆ ಹೊತ್ತು ಹೋಗದು. ಒಂದು ಸಂಜೆ ಬಾಗಿಲು ತೆಗೆದರೆ ವಾರ್ನಿಶ್ ವಾಸನೆ. ಬಾಲ್ಕನಿಯಲ್ಲಿ ಪೇಪರು ಹಾಸಿ, ಸ್ಯಾಂಡ್‌ಪೇಪರ್ ಹಿಡಿದು ಕೂತಿದ್ದಾರೆ.

"ಅಳಿಯಂದ್ರ, ಎಷ್ಟ್ ಹೊಲಸಾಗಿದ್ವು ನೋಡ್ರಿ! ಜಿಡ್ಡು ಹತ್ತಿ ಕರ್ರಗಾಗಿದ್ವು. ತಿಕ್ಕಿ ತಿಕ್ಕಿ ತಗದೀನಿ. ಇವತ್ತ ಒಂದ್ ಜೋಡಿ ಆತು, ಉಳಿದದ್ದು ನಾಳೆ."

ಆದದ್ದು ವಾಲ್ಟರನ ಜೋಡಿಯೇ. ಹೊಸ ಮದುಮಗನ ಹಾಗೆ ಮಿರಮಿರ ಮಿಂಚುತ್ತಿತ್ತು. ಇಪ್ಪತ್ತಾರು ವರ್ಷ ಪೇಪರಿನ ಮೇಲೆ ಪುಡಿಯಾಗಿ ಬಿದ್ದಿತ್ತು. ಮಾವನ ಮೇಲೆ ಕೂಗಾಡುವ ಹಕ್ಕು ಅಳಿಯನಿಗೆ ಯಾವ ಧರ್ಮಶಾಸ್ತ್ರ ಕೊಟ್ಟಿದೆ? ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಹಿಡಿಶಾಪ ಹಾಕಿದೆ.

"ಅಪ್ಪಾಜಿಗೆ ಏನೂ ಅನ್ಬೇಡಿ. ಎರಡು ತುಂಡು ಮರಕ್ಕೆ ಇಷ್ಟೊಂದು ಸೀನಾ?" ಎಂದಳು ಸುಮಂಗಲೆ.

"ಅದು ಮರ ಅಲ್ಲ ಕಣೇ, ವಾಲ್ಟರ್ ಕೈ!" ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಉಳಿದ ಹತ್ತು ಜೊತೆಯನ್ನು ಆ ರಾತ್ರಿಯೇ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಶನಿವಾರ ವಾಲ್ಟರನಲ್ಲಿ ತಪ್ಪೊಪ್ಪಿಕೊಳ್ಳಲು ಹೊರಟೆ. "ನಾನೂ ಬರ್ತೀನ್ರಿ. ನಾ ಮಾಡಿದ ಕೆಲಸ ಅವ್ರೂ ನೋಡ್ಲಿ," ಎಂದು ಮಾವನವರು ಕಾರು ಹತ್ತಿಯೇಬಿಟ್ಟರು. ಫ್ರೀವೇ ಉದ್ದಕ್ಕೂ ಹಿಡಿಯನ್ನು ಕರವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಅವರ ಮುಖದ ಹೆಮ್ಮೆ ನೋಡಿದಷ್ಟೂ ನನ್ನ ಮೈ ಉರಿಯಿತು.

ವಾಲ್ಟರ್ ಕನ್ನಡಕ ಹಾಕಿಕೊಂಡು, ಹೋಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ತನ್ನ ಹೆಬ್ಬೆರಳಿನ ಜಾಗ ಹುಡುಕಿದ. ಕೊನೆಗೆ ಮೆಲ್ಲಗೆ, "ಇದು ನನ್ನದಲ್ಲ," ಎಂದ.

"ಏನಂತಾರ? ಚಲೋ ಆಗೇತಿ ಅಂತಾರೇನು?" ಎಂದರು ಮಾವ.

ಹೌದು ಎಂದುಬಿಡಬಹುದಿತ್ತು. ಅಳಿಯಂದಿರ ಅನುವಾದವೆಲ್ಲ ಅಂಥದ್ದೇ. ಆದರೆ ಅವತ್ತು ನನ್ನ ಬಾಯಲ್ಲಿ ಸಿಟ್ಟು ಕೂತಿತ್ತು. ವಾಲ್ಟರ್ ಹೇಳಿದ್ದನ್ನೂ, ಅವನು ಹೇಳದೆ ಬಿಟ್ಟದ್ದನ್ನೂ, ಕಾವಲು, ಕೈ, ಕಪ್ಪು ನೆರಳು ಎಲ್ಲವನ್ನೂ ಒಂದಕ್ಷರ ಬಿಡದೆ ಹೇಳಿದೆ.

ಮಾವನವರ ಮುಖ ಸಣ್ಣದಾಯಿತು. ತಮ್ಮ ಕೈಗಳನ್ನೇ ನೋಡಿಕೊಂಡರು. "ನಲವತ್ತ್ ವರ್ಷ ಹುಡುಗ್ರಿಗೆ ಇದನ್ನ ಕಲಿಸೀನಿ. ಕಲೆ ಕಂಡ್ರ ತಿಕ್ಕೂದೊಂದ ಗೊತ್ತು ನನಗ. ತಪ್ಪಾತು ಅಂತ ಹೇಳ್ರಿ. ಖರೇನ ಮುರದದ್ದು ಏನರ ಮನ್ಯಾಗ ಐತೇನು, ಅದನ್ನೂ ಕೇಳ್ರಿ."

ಕೇಳಿದೆ. ವಾಲ್ಟರ್ ಅವರನ್ನು ದಿಟ್ಟಿಸಿ ನೋಡಿದ. ಆಮೇಲೆ ಮನೆಮುಂದಿನ ಮೆಟ್ಟಿಲು ತೋರಿಸಿದ. ಆಸರೆಯ ಕಟಕಟೆ ಮುರಿದು ಹಗ್ಗದಲ್ಲಿ ನೇತಾಡುತ್ತಿತ್ತು. ನಡುಗುವ ಕೈಯವನು ದಿನವೂ ಅಲ್ಲಿಂದಲೇ ಇಳಿಯಬೇಕು. ಹಿಡಿಗಾಗಿ ವರ್ಷವಿಡೀ ಆ ಮನೆಗೆ ಎಡತಾಕಿದ ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಮುಂದಿನ ನಾಲ್ಕು ಶನಿವಾರ ನಾನು ಬರೀ ಡ್ರೈವರ್. ಇವರು ಗದಗಿನ ಕನ್ನಡದಲ್ಲಿ, ಅವನು ಇಂಗ್ಲಿಷಿನಲ್ಲಿ ಹರಟುತ್ತ, ನನ್ನ ಅನುವಾದದ ಹಂಗಿಲ್ಲದೆ ಮರ ಕೊಯ್ದರು, ನಕ್ಕರು, ಜಗಳವನ್ನೂ ಆಡಿದರು. ತಪ್ಪು ಮಾಡಿದವರು ಕ್ಷಮೆ ಕೇಳಿಯಾಗಿತ್ತು, ಕಳೆದುಕೊಂಡವನು ಮರೆತೂ ಆಗಿತ್ತು. ನಾನೊಬ್ಬನೇ ಅಂಗಳದಲ್ಲಿ ಮುಖ ಊದಿಸಿಕೊಂಡು ನಿಂತಿದ್ದೆ. ಕೂಡಿಡುವ ಚಟದವನಿಗೆ ಏನನ್ನೂ ಬಿಸಾಡಲು ಮನಸ್ಸಾಗುವುದಿಲ್ಲ, ಸಿಟ್ಟನ್ನು ಕೂಡ.

ಕೊನೆಯ ದಿನ ಹೊಸ ಕಟಕಟೆ ಕೂರಿಸುವಾಗ ಮಾವನವರು ತಲೆಯೆತ್ತದೆ ಕೂಗಿದರು:

"ಅಳಿಯಂದ್ರ, ಸಿಟ್ಟು ಆಮ್ಯಾಲೆ ಮಾಡ್ರಿ. ಮೊದಲ ಈ ತುದಿ ಹಿಡೀರಿ."

ಹಿಡಿದೆ. ಭಾರವಾಗಿತ್ತು, ಎರಡು ಕೈಯೂ ಬೇಕಾದವು.